ಗೌರಕ್ಕನೊಂದಿಗೆ ಮಾತು ಬಿಟ್ಟ ಹನ್ನೊಂದು ದಿನ

ಅಳುವುದಕ್ಕೆ ಮುಂಚೆ ಗೌರಕ್ಕ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಳ್ಳುತ್ತಿದ್ದಳು. ಬಾವಿಯಲ್ಲಿ ನೀರು ಸೇದಲು ನಿಂತವರು ಮಾಡುತ್ತಾರಲ್ಲ, ಹಾಗೆ. ಆಮೇಲೆ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕಾಲು ನೀಡಿ ಕೂತು ಶುರು ಮಾಡುತ್ತಿದ್ದಳು. ಮುಖ ಮುಚ್ಚಿಕೊಳ್ಳುವುದು, ಯಾರಾದರೂ ಬಂದರೆ ಕಣ್ಣಿಗೆ ಹೊಗೆ ಹೋಯಿತು ಎಂದು ನೆಪ ಹೇಳುವುದು, ರಾತ್ರಿ ದಿಂಬಿಗೆ ಬಾಯಿ ಒತ್ತಿಕೊಳ್ಳುವುದು, ಇಂಥ ಯಾವ ವಿದ್ಯೆಯೂ ಅವಳಿಗೆ ಗೊತ್ತಿರಲಿಲ್ಲ. ನಾವು ಮಿಕ್ಕ ಹೆಂಗಸರೆಲ್ಲ ಅದರಲ್ಲಿ ಪಳಗಿದವರು.

"ಅದು ಬತ್ತದೆ ಕಣವ್ವ," ಎನ್ನುತ್ತಿದ್ದಳು. "ನಾನೇನ್ ಕರೆಯಕಿಲ್ಲ. ತಾನೇ ಬತ್ತದೆ. ಬಂದ್ರೆ ಇನ್ನು ಓಗದೇ ಇಲ್ಲ ಅನ್ನುಸ್ತದೆ. ಇಂಗೇ ಇದ್ದೋಯ್ತೀನಿ ಅಂತ ಜೀವ ಝಲ್ ಅಂತದೆ."

ಹೆಚ್ಚೆಂದರೆ ಅರ್ಧ ಗಂಟೆ. ಅಷ್ಟರಲ್ಲಿ ಎದ್ದು ಮೂಗು ಸೀಟಿ, ಮುಖ ತೊಳೆದು, ಒಲೆಗೆ ಸೌದೆ ತುರುಕುತ್ತಿದ್ದಳು. ಆದರೆ ಮುಂದಿನ ಸಲ ಬಂದಾಗ, ಹಿಂದಿನ ಸಲ ಬಂದದ್ದು ಹೋಗಿತ್ತಲ್ಲ ಎಂಬುದು ಅವಳಿಗೆ ನೆನಪೇ ಇರುತ್ತಿರಲಿಲ್ಲ. ನಾನಾದರೂ ನೆನಪಿಸಬಹುದಿತ್ತು. ಅವಳು ಈಗಿಲ್ಲ. ಅವಳ ಬಗ್ಗೆ ಬರೆಯಲು ಕೂತರೆ ಮೊದಲು ನನ್ನ ತಲೆಯೇ ತಗ್ಗುತ್ತದೆ.

ನಾನು ಬಿಳಿಕೆರೆಯವಳು. ಎಸ್ಸೆಸ್ಸೆಲ್ಸಿ ಪಾಸಾಗಿ, ಗಾವಡಗೆರೆಯಿಂದ ಮೂರು ಮೈಲಿ ಒಳಗಿರುವ ಊರಿಗೆ ಸೊಸೆಯಾಗಿ ಬಂದು, ತೊಂಬತ್ತರ ದಶಕದ ನಡುವಿನಲ್ಲಿ ಅಲ್ಲಿನ ಅಂಗನವಾಡಿಗೆ ಟೀಚರಾದೆ. ಗೌರಕ್ಕ ನನಗಿಂತ ಮೊದಲೇ ಅಲ್ಲಿ ಸಹಾಯಕಿ. ಉಪ್ಪಿಟ್ಟು ಕೆದಕುವುದು, ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ಮೂಗು ಒರೆಸುವುದು ಅವಳ ಕೆಲಸ. ಅ ಆ ಇ ಈ ಹೇಳಿಕೊಡುವುದು, ರಿಜಿಸ್ಟರ್ ಬರೆಯುವುದು ನನ್ನದು. ನನಗಿಂತ ಎಂಟು ವರ್ಷ ದೊಡ್ಡವಳು. ಪಿರಿಯಾಪಟ್ಟಣದ ಕಡೆಗೆ ಮದುವೆಯಾಗಿ, ಆರು ಸಲ ಗಂಡನ ಮೇಲೆ ಮುನಿಸಿಕೊಂಡು ತವರಿಗೆ ಬಂದು, ಆರು ಸಲವೂ ತಾನೇ ಓಡಿಹೋಗಿ ಅವನ ಕಾಲು ಹಿಡಿದಿದ್ದಳಂತೆ. ಏಳನೆಯ ಸಲ ಅವನು ಬಾಗಿಲು ತೆಗೆಯಲಿಲ್ಲ. ಅಲ್ಲಿಂದ ತವರಿನಲ್ಲೇ ಉಳಿದುಬಿಟ್ಟಳು.

ತವರೆಂದರೆ ಅವಳ ಅವ್ವ ನಿಂಗಮ್ಮ, ಒಂದು ಹಸು, ಮುಕ್ಕಾಲು ಎಕರೆ. ನಿಂಗಮ್ಮ ಊರಿಗೆಲ್ಲ ಗಟ್ಟಿಗಿತ್ತಿ ಎಂದು ಹೆಸರಾದವಳು. ಗಂಡನ ಹೆಣ ಎತ್ತಿದ ದಿನವೂ ಒಂದು ಹನಿ ಹಾಕಲಿಲ್ಲ ಎಂದು ಜನ ಈಗಲೂ ಹೊಗಳುತ್ತಾರೆ. "ಎಣ್ಣಾಗಿ ಉಟ್ಟುದ್ಮೇಲೆ ಒಟ್ಟೇಲೇ ಮಡಿಕ್ಕಬೇಕು. ಬೀದೀಲಿ ಚೆಲ್ಲಕ್ಕೆ ಅದೇನ್ ಮುಸುರೆ ನೀರಾ?" ಎನ್ನುವುದು ಅವಳ ಮಾತು. ಗೌರಿ ಚಿಕ್ಕವಳಿದ್ದಾಗ ಅತ್ತರೆ ಸೌದೆ ಕೋಣೆಗೆ ಹಾಕಿ ಅಗಳಿ ಇಕ್ಕುತ್ತಿದ್ದಳಂತೆ. ಅಳು ನಿಂತರೆ ಬಾಗಿಲು ತೆಗೆಯುವುದು, ನಿಲ್ಲದಿದ್ದರೆ ಇಲ್ಲ. ಇದನ್ನು ಗೌರಕ್ಕ ನನಗೆ ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತಾ ಹೇಳಿದಳು. ಅವ್ವನ ಮೇಲೆ ದೂರು ಹೇಳುವ ದನಿಯೇ ಇರಲಿಲ್ಲ. "ಅವ್ವುಂದೇನೂ ತಪ್ಪಿಲ್ಲ ಬುಡು. ನಾನೇ ಕೆಟ್ಟೋಳು. ಬೇರೆ ಮಕ್ಳಿಗೆ ಬರ್ದೇ ಇರದು ನಂಗ್ಯಾಕ್ ಬತ್ತಿತ್ತು?" ಎಂದಳು. ನಾನು ಕಲ್ಲು ಆರಿಸುತ್ತಾ ಹೂಂ ಅಂದೆ.

ಅವಳ ಈ ಗುಣ ಊರಿಗೆ ಒಂದೇ ಒಂದು ಜಾಗದಲ್ಲಿ ಬೇಕಾಗಿತ್ತು, ಸಾವಿನ ಮನೆಯಲ್ಲಿ. ನಮ್ಮ ಕಡೆ ಸತ್ತವರ ಗುಣವನ್ನೆಲ್ಲ ಹಾಡಿಕೊಂಡು ಅಳಬೇಕು. ಹಾಗೆ ಅಳುವವರು ಇಲ್ಲದಿದ್ದರೆ ಹೆಣ ಭಣಭಣ ಎನ್ನುತ್ತದೆ, ಬಂದ ನೆಂಟರು ಆಡಿಕೊಳ್ಳುತ್ತಾರೆ. ಅದಕ್ಕೇ ಯಾರು ಸತ್ತರೂ ಮೊದಲು ಗೌರಕ್ಕನಿಗೆ ಹೇಳಿಕಳಿಸುತ್ತಿದ್ದರು. ಅವಳು ಹೋಗಿ ಕೂತು ದನಿ ತೆಗೆದರೆ, ಜಗುಲಿಯಲ್ಲಿ ಕೂತ ಗಂಡಸರೂ ಸೇದುತ್ತಿದ್ದ ಬೀಡಿ ಬಿಸಾಕಿ ಟವಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಾಟಕವಲ್ಲ, ನಿಜವಾಗಿ ಅವಳಿಗೆ ಸಂಕಟವಾಗುತ್ತಿತ್ತು. ಮೂರನೆಯ ದಿನ ಅದೇ ಮನೆಯ ಹೆಂಗಸರು ನಲ್ಲಿಯ ಹತ್ತಿರ, "ಅಳುಮುಂಜಿ ಗೌರಿ ಬತ್ತಾವ್ಳೆ, ಜಾಗ ಬುಡ್ರವ್ವ," ಎಂದು ಕಿಸಿಯುತ್ತಿದ್ದರು. ಅವರ ಜೊತೆ ನಾನೂ ಕಿಸಿದಿದ್ದೇನೆ.

ಅವಳ ಪ್ರೀತಿಯೂ ಹಾಗೇ, ಅಳತೆ ಇಲ್ಲದ್ದು. ನಾನು ಬಂದ ಮೊದಲ ತಿಂಗಳೇ ನನ್ನನ್ನು "ಮಗ" ಎಂದು ಕರೆಯತೊಡಗಿದಳು. ನನಗೆಂದು ಅವರೆಕಾಳು ಹಿಸುಕಿ ತರುತ್ತಿದ್ದಳು. ಮಕ್ಕಳು ಮಲಗಿದ ಮೇಲೆ ಬಲವಂತವಾಗಿ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. "ನನ್ನ ಎತ್ತವ್ವನೂ ನಿನ್ನಂಗಿಲ್ಲ ಕಣ್ಮಗ," ಎಂದು ಊರಿಗೆಲ್ಲ ಸಾರುತ್ತಿದ್ದಳು. ನಾನು ತವರಿಗೆ ಹೊರಟರೆ ಮಾತ್ರ ಮುಖ ಬಾಡುತ್ತಿತ್ತು. "ಸ್ವಾಮಾರ ಬತ್ತೀಯಾ ತಾನೆ? ಬತ್ತೀನಿ ಅಂತ ಯೋಳು," ಎಂದು ಬಸ್ಸಿನ ತನಕ ಕೇಳುತ್ತಿದ್ದಳು. ಒಮ್ಮೆ ಹುಣಸೂರಿನಲ್ಲಿ ಮೀಟಿಂಗ್ ಇದೆ ಎಂದು ಅವಳಿಗೆ ಹೇಳುವುದನ್ನು ಮರೆತು ಹೊರಟುಹೋದೆ. ಬಂದು ನೋಡಿದರೆ ಅಂಗನವಾಡಿಗೆ ಬೀಗ, ಮಕ್ಕಳೆಲ್ಲ ಅಂಗಳದ ಮಣ್ಣಿನಲ್ಲಿ. ಬೀಗದ ಕೈ ಅವಳ ಸೊಂಟದಲ್ಲಿ. "ಟೀಚರಮ್ಮೋರು ದೊಡ್ಡೋರು, ನಮ್ಗ್ಯಾಕೆ ಯೋಳ್ತಾರೆ? ನಿಮ್ ಮೊಕ ನೋಡುದ್ರೆ ನಂಗೆ ಕೂಳಿಳಿಯಕಿಲ್ಲ," ಎಂದು ಹೊಲದ ಬದುವಿನಿಂದಲೇ ಕೂಗಿದಳು. ಸಿಟ್ಟು ಬಂದರೆ ನಾನು ಮಗ ಹೋಗಿ ಟೀಚರಮ್ಮ ಆಗುತ್ತಿದ್ದೆ, ನೀನು ಹೋಗಿ ನೀವು ಆಗುತ್ತಿತ್ತು. ಮಾರನೆಯ ಬೆಳಿಗ್ಗೆ ಮಡಿಲ ತುಂಬ ಬದನೆಕಾಯಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಿನ್ನೆ ಅಂದಿದ್ದು ನಾನಲ್ಲ ಮಗ, ಅದು," ಎಂದಳು.

ಇಂಥ ದಿನಗಳಲ್ಲಿ ನನಗೆ ನಗು ಬರುತ್ತಿತ್ತು. ವರ್ಷ ಎರಡು ಕಳೆದ ಮೇಲೆ ನಗು ಹೋಗಿ ರೇಜಿಗೆಯಾಯಿತು. ನನಗೂ ಒಂದು ಕೂಸಾಗಿತ್ತು. ಮನೆಯಲ್ಲಿ ಹೊಗೆಸೊಪ್ಪಿನ ಕೆಲಸ, ಅತ್ತೆಯ ಮುಖ ಕಾಯುವುದು, ಇಲ್ಲಿ ಬಂದರೆ ಗೌರಕ್ಕನ ಮುಖ ಕಾಯುವುದು. ಇವಳೊಬ್ಬಳಿಗೇ ಏನು ಕಷ್ಟವೇ, ನಮಗಿಲ್ಲವೇ, ನಾವು ನುಂಗಿಕೊಂಡು ಬದುಕುತ್ತಿಲ್ಲವೇ ಎನ್ನಿಸುತ್ತಿತ್ತು. ನಿಜ ಹೇಳಬೇಕೆಂದರೆ ಅವಳು ಕಾಲು ನೀಡಿ ಅಳುವಾಗ ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಮಕ್ಕಳ ವಿಷಯದಲ್ಲಿ ಮಾತ್ರ ಅವಳ ಮುಂದೆ ನನ್ನದೇನೂ ನಡೆಯುತ್ತಿರಲಿಲ್ಲ. ಹೊಸದಾಗಿ ಸೇರಿದ ಒಂದು ಹೆಣ್ಣು ಕೂಸು ಅವ್ವ ಬೇಕೆಂದು ನೆಲಕ್ಕೆ ಬಿದ್ದು ಹೊರಳುತ್ತಿತ್ತು. ಅದರ ತಾಯಿ ಹೊಗೆಸೊಪ್ಪು ಕಟ್ಟಲು ಕೂಲಿಗೆ ಹೋಗಿದ್ದಳು. ನಾನು ಗದರಿದೆ, ಗಿಲಕಿ ಆಡಿಸಿದೆ, ಕಡೆಗೆ ಕೈಬಿಟ್ಟೆ. ಗೌರಕ್ಕ ಸೌಟು ಕೆಳಗಿಟ್ಟು ಬಂದು ಅದನ್ನು ಎದೆಗೆ ಅವುಚಿಕೊಂಡಳು. ಸುಮ್ಮನಿರು ಎನ್ನಲಿಲ್ಲ. "ಅಳು ಕೂಸೆ, ಅಳು. ಅವ್ವ ಬೇಕು ಅನ್ನುಸ್ತದೆ, ಅಲ್ವಾ? ಅನ್ನುಸ್ತದೆ, ಯಾಕನ್ಸಕಿಲ್ಲ. ನಾನ್ ಇಲ್ಲೇ ಇರ್ತೀನಿ," ಎಂದಳು. ಉಪ್ಪಿಟ್ಟು ತಳ ಹಿಡಿಯಿತು, ಆದರೆ ಕೂಸು ಸಮಾಧಾನವಾಗಿ ಅವಳ ತಾಳಿಯ ಜೊತೆ ಆಡತೊಡಗಿತು. ಬಾಗಿಲು ತೆಗೆಯದ ಗಂಡನ ತಾಳಿಯನ್ನು ಅವಳು ತೆಗೆದಿರಲಿಲ್ಲ. ಅವತ್ತು ನಾನು ನೋಡಿದ್ದು ತಳ ಹಿಡಿದ ಉಪ್ಪಿಟ್ಟನ್ನು ಮಾತ್ರ.

ಅದೇ ಮಳೆಗಾಲ ನನಗೆ ಹುಣಸೂರಿನಲ್ಲಿ ಐದು ದಿನದ ತರಬೇತಿ ನಡೆಯಿತು. ಹಠ ಮಾಡುವ ಮಗುವನ್ನು ಹೇಗೆ ನೋಡಿಕೊಳ್ಳಬೇಕು ಎಂದು ಒಂದು ಪಾಠ. ಮಗು ಏನೋ ಬೇಕೆಂದು ರಚ್ಚೆ ಹಿಡಿದಾಗ ಗಮನ ಕೊಡಬೇಡಿ, ಕೊಟ್ಟರೆ ಅಭ್ಯಾಸವಾಗುತ್ತದೆ. ಮೊದಲು ಹೆಚ್ಚಾಗುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ ಎಂದರು. ಅವರು ಹೇಳಿದ್ದು ಮೂರು ವರ್ಷದ ಮಕ್ಕಳಿಗೆ. ನಾನು ನೋಟ್ ಬುಕ್ಕಿನಲ್ಲಿ ಅದನ್ನು ಬರೆದುಕೊಂಡು, ಅದರ ಕೆಳಗೆ ಎರಡು ಗೆರೆ ಎಳೆದೆ. ಆ ಗೆರೆ ಎಳೆಯುವಾಗ ನನ್ನ ಮನಸ್ಸಿನಲ್ಲಿ ಇದ್ದವಳು ಗೌರಕ್ಕ.

ಊರಿಗೆ ಬಂದವಳೇ ನಲ್ಲಿಯ ಹತ್ತಿರ ಹೆಂಗಸರನ್ನು ಸೇರಿಸಿದೆ. ನಿಂಗಮ್ಮನಿಗೂ ಹೇಳಿದೆ. ಗೌರಕ್ಕ ಅತ್ತರೆ, ಕೂಗಾಡಿದರೆ, ಯಾರೂ ಏನೂ ಕೇಳಬಾರದು. ಅವಳು ನೆಟ್ಟಗಾಗುವ ತನಕ ಮಾತು ಬಿಡಬೇಕು. ಮುನಿಸಿಕೊಂಡವರ ಜೊತೆ ಮಾತು ಬಿಡುವುದು ನಮ್ಮೂರಿಗೆ ಹೊಸದಲ್ಲ. ಆದರೆ ಊರೆಲ್ಲ ಸೇರಿ ಒಬ್ಬಳಿಗೆ ಔಷಧಿಯೆಂದು ಮಾತು ಬಿಟ್ಟದ್ದು ಅದೇ ಮೊದಲು. "ಓದ್ದೋಳು ಯೋಳ್ತಾವ್ಳೆ, ಸರೀನೇ ಇರ್ತದೆ," ಎಂದಳು ನಿಂಗಮ್ಮ. ನನಗೆ ಎಷ್ಟು ಹೆಮ್ಮೆಯಾಯಿತೆಂದು ಈಗ ಹೇಳಲೂ ಸಂಕೋಚವಾಗುತ್ತದೆ.

ಮೊದಲ ದಿನ ಅವಳು ಗಮನಿಸಲಿಲ್ಲ. ಎರಡನೆಯ ದಿನ, "ಯಾಕ್ ಮಗ, ಉಸಾರಿಲ್ವಾ?" ಎಂದು ನನ್ನ ಹಣೆ ಮುಟ್ಟಿ ನೋಡಿದಳು. ನಾನು ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ. ಮೂರನೆಯ ದಿನ ಕಾಲು ನೀಡಿ ಅತ್ತಳು. ನಾನು ಮಕ್ಕಳಿಂದ ಜೋರಾಗಿ ಹಾಡು ಹೇಳಿಸಿದೆ. ನಾಲ್ಕನೆಯ ದಿನ ನನ್ನ ಎದುರಿಗೆ ಬಂದು ಕೂತು, "ನಾನೇನ್ ತಪ್ ಮಾಡ್ದೆ ಯೋಳ್ಮಗ. ಬೇಕಾರೆ ಒಡಿ. ಮಾತ್ ಬುಡಬ್ಯಾಡ," ಎಂದು ಕೈ ಮುಗಿದಳು. ನಾನು ಎದ್ದು ಹೋಗಿ ಸ್ಲೇಟು ಒರೆಸಿದೆ. ಏಳನೆಯ ದಿನದ ಹೊತ್ತಿಗೆ ಅವಳು ಕೇಳುವುದನ್ನು ಬಿಟ್ಟಿದ್ದಳು, ಅಳುವುದನ್ನೂ ಬಿಟ್ಟಿದ್ದಳು. ಔಷಧಿ ಹಿಡಿಯಿತು ಎಂದು ಮನೆಯಲ್ಲಿ ಗಂಡನಿಗೆ ಹೇಳಿಕೊಂಡೆ.

ಹನ್ನೊಂದನೆಯ ದಿನ, ಬೆಳಿಗ್ಗೆ ಹತ್ತೂವರೆ ಹೊತ್ತಿಗೆ, ಒಲೆಯಲ್ಲಿ ಕಾದಿದ್ದ ಸೌಟನ್ನು ಅವಳು ತನ್ನ ಎಡಗೈಗೆ ಒತ್ತಿಕೊಂಡಳು. ಕೂಗಲಿಲ್ಲ. ನಾನು ತಿರುಗಿ ನೋಡಿದಾಗ ಅವಳ ಮುಖದಲ್ಲಿ ನೋವಿರಲಿಲ್ಲ, ಭಾರ ಇಳಿಸಿದವಳ ಹಾಗಿದ್ದಳು. ನಾನು ಎದ್ದು ಸೌಟನ್ನು ಕಿತ್ತು ಬದಿಗಿಟ್ಟೆ. ಆಗ ನನ್ನ ತಲೆಯಲ್ಲಿ ಓಡಿದ್ದು, ಮೊದಲು ಹೆಚ್ಚಾಗುತ್ತದೆ ಎಂಬ ತರಬೇತಿಯ ಮಾತು. ಈಗ ಮಾತಾಡಿಸಿದರೆ ಹತ್ತು ದಿನದ ಶ್ರಮ ಹಾಳು ಎಂದುಕೊಂಡೆ. ಬಾಗಿಲಿಗೆ ಹೋಗಿ ಪಕ್ಕದ ಮನೆಯವರನ್ನು ಕೂಗಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದೆ. ಅವಳು ನನ್ನ ಮುಂದೆಯೇ ಹಾದುಹೋದಳು. ಆಗಲೂ ನಾನು ಒಂದು ಮಾತು ಆಡಲಿಲ್ಲ.

ವಾರ ಕಳೆದ ಮೇಲೆ ಮೇಲ್ವಿಚಾರಕಿ ಬಂದರು. ಮಕ್ಕಳ ಎದುರಿಗೆ ಹೀಗಾದರೆ ಹೇಗೆ, ಕೆಲಸ ಬಿಡುತ್ತೇನೆಂದು ಅವಳ ಹೆಸರಿನಲ್ಲಿ ಬರೆದುಕೊಡಿ ಎಂದರು. ಅವರು ಕೇಳಿದ್ದು ನ್ಯಾಯವೇ, ಅವರಿಗೆ ನಾನು ಹೇಳಿದ್ದು ಅರ್ಧ ಕತೆ. ಗೌರಕ್ಕನ ಬಾಯಿಂದ ಬಂದಂತೆ, "ಅನಾರೋಗ್ಯದ ಕಾರಣ ನನಗೆ ಕೆಲಸ ಮಾಡಲು ಆಗುವುದಿಲ್ಲ" ಎಂದು ನಾನೇ ಚೆಂದದ ಅಕ್ಷರದಲ್ಲಿ ಬರೆದೆ. ಕೈಗೆ ಬಟ್ಟೆ ಸುತ್ತಿಕೊಂಡು ಬಂದ ಅವಳು, ಓದದೆ, ಹೆಬ್ಬೆಟ್ಟು ಒತ್ತದೆ, ರುಜು ಹಾಕಿದಳು. ಗೌರಮ್ಮ ಎಂದು ಬರೆಯುವುದನ್ನು ಹಿಂದಿನ ಬೇಸಿಗೆಯಲ್ಲಿ ನಾನೇ ಕಲಿಸಿದ್ದೆ. "ಇದಕ್ ರುಜು ಆಕುದ್ರೆ ಮಾತಾಡ್ತೀಯಾ?" ಎಂದು ಕೇಳಿದಳು. ನಾನು ಮೇಲ್ವಿಚಾರಕಿಯ ಮುಖ ನೋಡಿದೆ. ಆ ಯುಗಾದಿಗೆ ಮುಂಚೆಯೇ ಅವಳ ತಂಗಿ ಬಂದು ಅವಳನ್ನು ಕೋಟೆ ಕಡೆಯ ತನ್ನೂರಿಗೆ ಕರೆದುಕೊಂಡು ಹೋದಳು. ಹೆಗ್ಗಡದೇವನಕೋಟೆ ನಮ್ಮಿಂದ ದೂರವೇನಲ್ಲ, ಹುಣಸೂರಿನಿಂದ ನೇರ ಬಸ್ಸಿದೆ. ಹತ್ತು ವರ್ಷ ನಾನು ಆ ಬಸ್ಸು ಹತ್ತಲಿಲ್ಲ.

ಹತ್ತು ವರ್ಷದ ಮೇಲೆ ಕೆ.ಆರ್. ನಗರದಲ್ಲಿ ಇನ್ನೊಂದು ತರಬೇತಿ. ಮೈಸೂರಿನಿಂದ ಒಬ್ಬರು ಡಾಕ್ಟರಮ್ಮ ಮನಸ್ಸಿನ ಕಾಯಿಲೆಗಳ ಬಗ್ಗೆ ಮಾತಾಡಲು ಬಂದಿದ್ದರು. ಊಟವಾದ ಮೇಲಿನ ಹೊತ್ತು, ಅರ್ಧ ಜನ ತೂಕಡಿಸುತ್ತಿದ್ದರು. "ಕೆಲವರಿಗೆ ದುಃಖ, ಕೋಪ, ಪ್ರೀತಿ ಎಲ್ಲ ಬೇಗ ಬರುತ್ತೆ, ಜೋರಾಗಿ ಬರುತ್ತೆ, ಇಳಿಯೋಕೆ ಹೊತ್ತು ಹಿಡಿಯುತ್ತೆ," ಎಂದರು ಅವರು. "ಅಂಥವರು ಎಷ್ಟೋ ಜನ ಚಿಕ್ಕಂದಿನಿಂದ ಅಳೋದು ತಪ್ಪು ಅಂತ ಕೇಳಿಕೊಂಡೇ ಬೆಳೆದಿರ್ತಾರೆ. ಹಾಗಾಗಿ ಅಳು ಬಂದರೆ ಅದರ ಜೊತೆ ನಾಚಿಕೆನೂ ಬರುತ್ತೆ. ಇದು ನನ್ನ ಕೈಲಿಲ್ಲ, ಇದು ಯಾವತ್ತೂ ಮುಗಿಯಲ್ಲ ಅಂತ ನಂಬಿಬಿಟ್ಟಿರ್ತಾರೆ. ಆ ನಂಬಿಕೆನೇ ಅವರನ್ನ ಇನ್ನೂ ಹೆದರಿಸುತ್ತೆ. ಬಿಟ್ಟುಹೋಗ್ತಾರೆ ಅನ್ನೋ ಭಯ ಬೇರೆ. ಜೊತೆಗೆ ಕೂತು, ನಿಮಗೆ ಹಾಗನ್ನಿಸ್ತಾ ಇದೆ, ಇದು ಇಳಿಯುತ್ತೆ ಅಂತ ಹೇಳೋರು ಒಬ್ಬರು ಇದ್ದರೆ ಅದೇ ಅರ್ಧ ಔಷಧಿ." ಕಾಯಿಲೆಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರೊಂದನ್ನು ಹೇಳಿದರು. ಅದು ನನ್ನ ಬಾಯಿಗೆ ಬರಲಿಲ್ಲ, ಬೇಕಾಗಿಯೂ ಇರಲಿಲ್ಲ. ನನ್ನ ಕಣ್ಣ ಮುಂದೆ ಗೌರಕ್ಕ ಕೂತಿದ್ದಳು.

"ನಿಮ್ಮ ಊರುಗಳಲ್ಲಿ ಅಂಥವರನ್ನ ಯಾರಾದರೂ ನೋಡಿದ್ದೀರಾ?" ಎಂದು ಕೇಳಿದರು. ನಾನು ಕೈ ಎತ್ತಿದೆ. ಗೌರಕ್ಕನ ಬಗ್ಗೆ ಹೇಳಿದೆ, ಕೈ ಸುಟ್ಟುಕೊಂಡದ್ದನ್ನೂ ಹೇಳಿದೆ. ಡಾಕ್ಟರಮ್ಮ ಮೃದುವಾಗಿ, "ಪಾಪ. ಆಗ ನೀವು ಏನು ಮಾಡಿದಿರಿ?" ಎಂದರು. ಮೈಕು ನನ್ನ ಕೈಯಲ್ಲಿತ್ತು, ಅರವತ್ತು ಜನ ತಿರುಗಿ ನೋಡುತ್ತಿದ್ದರು. "ನಾವೆಲ್ಲ ಸಮಾಧಾನ ಮಾಡಿದ್ವಿ ಮೇಡಂ, ಚೆನ್ನಾಗಿ ನೋಡ್ಕೊಂಡ್ವಿ," ಎಂದೆ. ಚಪ್ಪಾಳೆ ತಟ್ಟಿಸಿದರು. ಆ ಚಪ್ಪಾಳೆ ಕೇಳಿದ ಮೇಲೆ ಎರಡು ದಿನ ನನಗೆ ಊಟ ಸೇರಲಿಲ್ಲ. ಅದರ ಮುಂದಿನ ಭಾನುವಾರ ಕೋಟೆಯ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ತಪ್ಪು ನನ್ನದು ಗೌರಕ್ಕ. ನೀನು ಕೆಟ್ಟವಳಲ್ಲ. ಊರವರ ಬಾಯಿ ಕಟ್ಟಿದವಳು ನಾನು, ಆ ಕಾಗದ ಬರೆದವಳೂ ನಾನು. ಇಷ್ಟೇ ಮಾತು.

ಅವಳು ತಂಗಿಯ ಮನೆಯ ಜಗುಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಳು. ಕಾಲು ಮಡಚಿ, ಜಾಗ ಸಾಲದವಳ ಹಾಗೆ ಗೋಡೆಗೆ ಒತ್ತಿಕೊಂಡಿದ್ದಳು. ನನ್ನನ್ನು ನೋಡಿ ಎದ್ದು, "ಬನ್ನಿ ಟೀಚರಮ್ಮ, ಕುಂತ್ಕಳಿ," ಎಂದಳು. ಸಿಟ್ಟಿರಲಿಲ್ಲ, ಖುಷಿಯೂ ಕಾಣಲಿಲ್ಲ. ತಂಗಿ ಟೀ ತಂದು, "ನಮ್ಮಕ್ಕ ಈಗ ಅಪರಂಜಿ ಕಣ್ರೀ. ಒಂದ್ ದಿನ ಕಣ್ಣೀರಾಕಿದ್ದಿಲ್ಲ, ಒಬ್ರುನ್ನ ಒಂದ್ ಮಾತ್ ಅಂದಿದ್ದಿಲ್ಲ," ಎಂದು ಹೊಗಳಿ ಒಳಗೆ ಹೋದಳು. ಏಪ್ರಿಲ್ ತಿಂಗಳ ಧಗೆಯಲ್ಲೂ ಗೌರಕ್ಕ ಮಣಿಕಟ್ಟಿನ ತನಕ ತೋಳಿರುವ ರವಿಕೆ ತೊಟ್ಟಿದ್ದಳು. ಟೀ ಲೋಟ ಕೊಡುವಾಗ ತೋಳು ತುಸು ಜರುಗಿ, ಒಳಗೆ ಹಳೆಯ ಕಲೆಯ ಪಕ್ಕದಲ್ಲಿ ಹೊಸ ಕಲೆಗಳು ಕಂಡವು. ನಾನು ನೋಡಿದ್ದನ್ನು ಅವಳು ನೋಡಿದಳು. ನಾನು ಟೀ ಚೆನ್ನಾಗಿದೆ ಎಂದೆ.

"ನೀವು ಅವತ್ ಮಾತ್ ಬುಟ್ರಲ್ಲ, ಅದೇ ಒಳ್ಳೇದಾಯ್ತು ಟೀಚರಮ್ಮ," ಎಂದಳು ಅವಳೇ, ಹುಣಸೆಯ ನಾರು ಎಳೆಯುತ್ತಾ. "ಆಗ್ ಕಲ್ತೆ. ಬಂದ್ರೂ ಒಟ್ಟೇಲೇ ಮಡಿಕ್ಕತೀನಿ. ಅವ್ವ ತೀರೋದಾಗ್ಲೂ ಅಳ್ನಿಲ್ಲ. ಜನ ಎಲ್ಲ ನನ್ನ ಬಾಯೇ ನೋಡ್ತಾ ಕುಂತಿದ್ರು. ಗಟ್ಟಿಗಿತ್ತಿ ಮಗ್ಳು ಗಟ್ಟಿಗಿತ್ತಿನೇ ಅಂದ್ರು. ಈಗ ನನ್ನ ಯಾರೂ ಬುಟ್ಟೋಗಕಿಲ್ಲ."

ಈಗ ಹೇಳಬೇಕಿತ್ತು. ಜೋಡಿಸಿಕೊಂಡು ಬಂದ ಮಾತುಗಳೆಲ್ಲ ನಾಲಿಗೆಯ ಮೇಲೇ ಇದ್ದವು. ನನ್ನ ಬಾಯಿಂದ ಬಂದದ್ದು, "ಒಳ್ಳೇದಾಯ್ತು ಬಿಡು ಗೌರಕ್ಕ," ಎಂಬುದು.

ಬಸ್ಸಿಗೆ ಬಿಡಲು ರಸ್ತೆಯ ತನಕ ಬಂದಳು. ಬಸ್ಸು ಬಂತು, ಹತ್ತಿದೆ, ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅವಳು ಕಿಟಕಿಯ ಕೆಳಗೆ ಬಂದು ನಿಂತು ಮುಖ ಮೇಲೆತ್ತಿ ಕೇಳಿದಳು.

"ನಂಗೇನಾರ ಯೋಳದಿತ್ತಾ ಟೀಚರಮ್ಮ? ಅದ್ಕೇ ಬಂದಿದ್ರಾ?"

"ಇಲ್ಲ ಗೌರಕ್ಕ. ಸುಮ್ನೆ ನಿನ್ನ ನೋಡ್ಕೊಂಡು ಹೋಗೋಣ ಅಂತ ಬಂದೆ."

ಅವಳ ಮುಖ ಅರಳಿಬಿಟ್ಟಿತು. ಅಷ್ಟು ಹೊತ್ತು ಎಲ್ಲೂ ಇಲ್ಲದ ಗೌರಕ್ಕ ಆ ಮುಖದಲ್ಲಿ ಬಂದು ನಿಂತಳು. "ಬರೀ ನನ್ನ ನೋಡಕ್ಕಾ? ಅಷ್ಟ್ ದೂರದಿಂದ?" ಎಂದವಳೇ ಬಾಗಿಲ ಕಡೆ ಓಡಿ, ಫುಟ್‌ಬೋರ್ಡಿನಲ್ಲಿ ನಿಂತಿದ್ದ ಕಂಡಕ್ಟರನ ಕೈ ಹಿಡಿದು, ಬಸ್ಸಿಗೆಲ್ಲ ಕೇಳುವ ಹಾಗೆ ಹೇಳಿದಳು. "ಅವ್ರು ನಮ್ ಟೀಚರಮ್ಮ ಕಣಪ್ಪ. ಬೇರೆ ಏನೂ ಕೆಲ್ಸ ಇಲ್ದೆ, ಬರೀ ನನ್ನ ನೋಡ್ಕಂಡ್ ಓಗಕ್ಕೆ ಅಂತ ಬಂದವ್ರೆ. ಉಸಾರಾಗಿ ಕರ್ಕಂಡೋಗು."

ಕಂಡಕ್ಟರ್ ನನ್ನ ಕಡೆ ತಿರುಗಿ ನಕ್ಕ. ನಾನೂ ನಕ್ಕೆ.